ಕೈಬರಹದಂಥ ಫಾಂಟ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪೆನ್ನು ಹಿಡಿದು ಸಲೀಸಾಗಿ ಬರೆದಂತೆ ಕಾಣುವ ಫಾಂಟ್‌ಗಳ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಏಳನ್ನು ಈ ಬಾರಿ ಆಯ್ದುಕೊಳ್ಳಲಾಗಿದೆ. ಪತ್ರಗಳನ್ನು ಅರ್ಥ ಕೆಡದಂತೆ ಸಂಕ್ಷೇಪಿಸಲಾಗಿದೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಹೆಚ್ಚು ವಿವರವಿರುವ ಪತ್ರವನ್ನು ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಆಮಂತ್ರಣ ಪತ್ರಿಕೆ ಮತ್ತು ಶುಭಾಶಯ ಪತ್ರಗಳನ್ನು ವಿನ್ಯಾಸ ಮಾಡುತ್ತೇನೆ. ಕೈಬರಹದ ಶೈಲಿಯ ಫಾಂಟ್ ಎಂದು ಹುಡುಕಿದರೆ ನೂರಾರು ಸಿಗುತ್ತವೆ. ಕೆಲವು ರಾಜಗಾಂಭೀರ್ಯದವು, ಕೆಲವು ಮಕ್ಕಳ ಬರಹದಂಥವು. ಇವುಗಳನ್ನು ವಿಂಗಡಿಸಿ ನೋಡುವುದು ಹೇಗೆ? ಯಾವುದು ಯಾವುದಕ್ಕೆ ಹೊಂದುತ್ತದೆ?
— ಒಬ್ಬ ವಿನ್ಯಾಸಕಿ

ಉತ್ತರ: ಅಗಲ ತುದಿಯ ಲೇಖನಿಯಿಂದಲೋ ಮೊನಚಾದ ನಿಬ್ಬಿನಿಂದಲೋ ನಿಧಾನವಾಗಿ, ತೆಳುವೆಲ್ಲಿ ದಪ್ಪವೆಲ್ಲಿ ಎಂಬ ಲೆಕ್ಕವಿಟ್ಟು ಬರೆದ ಅಲಂಕಾರ ಬರಹವನ್ನು ಅನುಕರಿಸುವ ಫಾಂಟ್‌ಗಳನ್ನು ಮೊದಲು ಪಕ್ಕಕ್ಕಿಡಿ. ಅವು ಬರೆದವರ ಕೌಶಲವನ್ನು ಮುಂದಿಡುತ್ತವೆ, ಮತ್ತು ನೀವು ಹೇಳುವ ರಾಜಗಾಂಭೀರ್ಯ ಬರುವುದು ಅಲ್ಲಿಂದ. ಅನೌಪಚಾರಿಕ ಕೈಬರಹದ ಫಾಂಟ್‌ನ ಹಿಂದೆ ಇರುವುದು ಬಾಲ್ ಪೆನ್ನು, ಮಾರ್ಕರ್, ಸ್ಕೆಚ್ ಪೆನ್ನು ಅಥವಾ ಸಣ್ಣ ಕುಂಚ. ಬರೆದವರ ಗಮನ ಅಕ್ಷರದ ಅಂದಕ್ಕಿಂತ ಹೇಳಬೇಕಾದ ಮಾತಿನ ಮೇಲಿತ್ತು ಎಂಬ ಭಾವನೆಯನ್ನು ಅದು ಓದುಗರಲ್ಲಿ ಹುಟ್ಟಿಸಬೇಕು; ಹುಟ್ಟಿಸದಿದ್ದರೆ ಅದು ಎಷ್ಟೇ ಚೆಂದವಿದ್ದರೂ ತನ್ನ ಕೆಲಸದಲ್ಲಿ ಸೋತಂತೆಯೇ.

ಈ ಗುಂಪಿನೊಳಗೆ ಬಿಡಿ ಅಕ್ಷರದವು, ಕೂಡಿಸಿ ಬರೆದವು ಮತ್ತು ಕುಂಚದವು ಎಂದು ಒಳಪಂಗಡಗಳಿವೆ. ಬಿಡಿ ಅಕ್ಷರಗಳಿಗೆ ಒಳ್ಳೆಯ ಮಾದರಿ ಎಂದರೆ ಅಡೋಬಿ ಸಂಸ್ಥೆಗಾಗಿ ಡೇವಿಡ್ ಸೀಗಲ್ 1989ರಲ್ಲಿ ರೂಪಿಸಿದ ಟೆಕ್ಟಾನ್. ವಾಸ್ತುಶಿಲ್ಪಿ ಫ್ರಾನ್ಸಿಸ್ ಚಿಂಗ್ ತಮ್ಮ ನಕ್ಷೆಗಳ ಮೇಲೆ ಬರೆಯುತ್ತಿದ್ದ ಅಕ್ಷರಗಳೇ ಅದಕ್ಕೆ ಮೂಲ. ಆದ್ದರಿಂದಲೇ ಅದರಲ್ಲಿ ಸಲುಗೆಯೂ ಇದೆ, ಅಳತೆಗೋಲು ಹಿಡಿದ ಕೈಯ ಶಿಸ್ತೂ ಇದೆ. ಕೂಡಿಸಿ ಬರೆದವುಗಳಲ್ಲಿ ಇಂದಿಗೂ ಮೀರಿಸಲಾಗದ್ದೆಂದು ನಾನು ಭಾವಿಸುವುದು ಮಿಸ್ತ್ರಾಲ್. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ ತಮ್ಮದೇ ಕೈಬರಹವನ್ನು ಆಧರಿಸಿ 1953ರಲ್ಲಿ ಒಲೀವ್ ಅಚ್ಚುಮೊಳೆ ಕಾರ್ಖಾನೆಗಾಗಿ ಇದನ್ನು ಮಾಡಿದರು. ಆಗಿನದು ಸೀಸದ ಮೊಳೆಗಳ ಕಾಲ. ಪ್ರತಿಯೊಂದು ಅಕ್ಷರವೂ ತನ್ನದೇ ಚೌಕಟ್ಟಿನ ಲೋಹದ ತುಂಡಿನ ಮೇಲೆ ಕೂತಿರುತ್ತಿತ್ತು. ಒಂದು ಅಕ್ಷರದ ಬಾಲ ತನ್ನ ಮೊಳೆಯ ಅಂಚಿಗೆ ಯಾವ ಎತ್ತರದಲ್ಲಿ, ಯಾವ ದಪ್ಪದಲ್ಲಿ ಮುಟ್ಟುತ್ತದೆಯೋ ಸರಿಯಾಗಿ ಅದೇ ಎತ್ತರ ಮತ್ತು ದಪ್ಪದಲ್ಲಿ ಮುಂದಿನ ಅಕ್ಷರದ ಮೊದಲ ಗೆರೆ ಶುರುವಾಗಬೇಕು, ಮತ್ತು ಯಾವ ಅಕ್ಷರದ ಪಕ್ಕ ಯಾವುದು ಬಂದರೂ ಈ ಲೆಕ್ಕ ತಪ್ಪಬಾರದು. ಇಷ್ಟು ಬಿಗಿಯಾದ ಕಟ್ಟಳೆಯೊಳಗೂ ಅವಸರದ ಬರಹದಂತೆ ಕಾಣುವುದು ಅದರ ಹೆಚ್ಚುಗಾರಿಕೆ. ಕುಂಚದ ಬಗೆಗೆ, ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ರಾಬರ್ಟ್ ಸ್ಮಿತ್ 1942ರಲ್ಲಿ ಮಾಡಿದ ಬ್ರಷ್ ಸ್ಕ್ರಿಪ್ಟ್ ಎಲ್ಲರೂ ನೋಡಿರುವ ಉದಾಹರಣೆ. ಅತಿಯಾಗಿ ಬಳಸಿದ್ದರಿಂದ ಅದರ ತಾಜಾತನ ಸವೆದುಹೋಗಿದೆ ಎಂಬುದು ನನ್ನ ಅಭಿಪ್ರಾಯ.

ಆಯ್ಕೆ ಮಾಡುವಾಗ ಫಾಂಟ್‌ನ ಹೆಸರನ್ನಾಗಲಿ ಮಾದರಿ ಚಿತ್ರವನ್ನಾಗಲಿ ನಂಬದೆ, ನಿಮ್ಮದೇ ವಾಕ್ಯವನ್ನು ಅದರಲ್ಲಿ ಟೈಪ್ ಮಾಡಿ ನೋಡಬೇಕು. ಗೆರೆಯ ದಪ್ಪ ಉದ್ದಕ್ಕೂ ಒಂದೇ ಇದ್ದರೆ ಪೆನ್ನಿನ ನೆನಪಾಗುತ್ತದೆ, ಏರಿಳಿತವಿದ್ದರೆ ಕುಂಚದ ನೆನಪಾಗುತ್ತದೆ. ಅಕ್ಷರಗಳ ಬುಡ ಒಂದೇ ಗೆರೆಯ ಮೇಲೆ ಕೂರದೆ ಚೂರು ಮೇಲೆ ಕೆಳಗೆ ಆಡುತ್ತಿದ್ದರೆ ಲವಲವಿಕೆ ಬರುತ್ತದೆ, ಆದರೆ ಅದು ಹೆಚ್ಚಾದಷ್ಟೂ ಓದುವ ವೇಗ ಕುಗ್ಗುತ್ತದೆ. ಬಲಕ್ಕೆ ವಾಲಿದ ಬರಹದಲ್ಲಿ ಅವಸರ ಕಾಣುತ್ತದೆ. ನೆಟ್ಟಗಿನ ಬರಹದಲ್ಲಿ ಸಾವಧಾನ ಕಾಣುತ್ತದೆ.

ಇಷ್ಟಾದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾತನ್ನು ಒಬ್ಬ ವ್ಯಕ್ತಿ ನಿಜಕ್ಕೂ ಪೆನ್ನು ಹಿಡಿದು ಬರೆಯುತ್ತಿದ್ದರೇ? ಆಮಂತ್ರಣದಲ್ಲಿ ‘ನೀವು ತಪ್ಪದೆ ಬರಬೇಕು’ ಎಂಬ ಸಾಲನ್ನು ಬರೆಯುತ್ತಿದ್ದರು. ದಿನಾಂಕ, ವೇಳೆ, ವಿಳಾಸ, ಫೋನ್ ಸಂಖ್ಯೆಗಳನ್ನು ಓದುಗರು ಹುಡುಕಿ ಗುರುತು ಹಾಕಿಕೊಳ್ಳುತ್ತಾರೆ. ಅವು ಸರಳವಾದ ಮುದ್ರಣದ ಅಕ್ಷರದಲ್ಲೇ ಇರಲಿ. ಒಂದೇ ಪುಟದಲ್ಲಿ ಕೈಬರಹದ ಎರಡು ಫಾಂಟ್‌ಗಳನ್ನು ಸೇರಿಸಿದರೆ ಇಬ್ಬರು ಒಂದೇ ಪತ್ರಕ್ಕೆ ಕೈಹಾಕಿದಂತೆ ಕಾಣುತ್ತದೆ. ಇಬ್ಬರು ಮಾತಾಡುವ ಪತ್ರವೇ ಆಗಿದ್ದರೆ ಆ ಮಾತು ಬೇರೆ.

ಪ್ರಶ್ನೆ: ನಾನು ನಮ್ಮ ಸಂಘದ ಸದಸ್ಯರಿಗೆ ಒಂದು ಪುಟದ ಪತ್ರವನ್ನು ಕೈಬರಹದ ಫಾಂಟ್‌ನಲ್ಲಿ ಮುದ್ರಿಸಿದೆ. ಮೊದಲ ಎರಡು ಸಾಲು ಬಹಳ ಆಪ್ತವಾಗಿ ಕಂಡವು. ಪುಟ ಪೂರ್ತಿ ಓದಿದವರು ಮಾತ್ರ ‘ಏನೋ ಕೃತಕವಾಗಿದೆ’ ಎಂದರು. ಅಕ್ಷರಗಳು ಚೆನ್ನಾಗಿಯೇ ಇವೆ. ಹಾಗಿದ್ದರೆ ಕೃತಕತೆ ಎಲ್ಲಿಂದ ಬರುತ್ತದೆ?
— ಸಂಘದ ಕಾರ್ಯದರ್ಶಿ

ಉತ್ತರ: ಪುನರಾವರ್ತನೆಯಿಂದ. ಮನುಷ್ಯರು ಒಂದೇ ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯುವುದಿಲ್ಲ. ಪದದ ಮೊದಲಿಗೆ ಬಂದಾಗ ಒಂದು ಆಕಾರ, ಕೊನೆಗೆ ಬಂದಾಗ ಇನ್ನೊಂದು. ಸಾಲು ಮುಗಿಯುತ್ತಾ ಬಂದಂತೆ ಅಕ್ಷರಗಳು ಒತ್ತೊತ್ತಾಗುತ್ತವೆ. ಸಾಮಾನ್ಯ ಫಾಂಟ್‌ನಲ್ಲಾದರೋ ಒಂದು ಅಕ್ಷರಕ್ಕೆ ಒಂದೇ ಚಿತ್ರ. ನಿಮ್ಮ ಪತ್ರವನ್ನು ಎದುರಿಗಿಟ್ಟುಕೊಂಡು ‘ನಮ್ಮ ಮನೆಯ ನೆನಪು’ ಎಂಬಂಥ ಸಾಲೊಂದನ್ನು ಹತ್ತಿರದಿಂದ ನೋಡಿ. ಮೊದಲ ‘ನ’ದ ತಲೆಕಟ್ಟು ಎಡಕ್ಕೆ ಕೊಂಚ ಜಾರಿ, ತುದಿಯಲ್ಲಿ ಶಾಯಿ ಚೂರು ಗುಂಡಗೆ ನಿಂತಿದ್ದರೆ ಅದು ಸಹಜವಾಗಿಯೇ ಕಾಣುತ್ತದೆ. ‘ನೆನಪು’ ಪದದ ನಡುವೆ ಬರುವ ‘ನ’ದಲ್ಲೂ ಅದೇ ಜಾರುವಿಕೆ, ಅದೇ ಗುಂಡು ತುದಿ ಇದ್ದರೆ ಕಣ್ಣಿಗೆ ಗುಟ್ಟು ತಿಳಿದುಹೋಗುತ್ತದೆ. ಏನು ತಪ್ಪಿದೆ ಎಂದು ಓದುಗರಿಗೆ ಹೇಳಲಾಗದಿರಬಹುದು, ಆದರೆ ನಿಮ್ಮ ಸದಸ್ಯರು ಹೇಳಿದ ‘ಏನೋ’ ಎಂಬುದು ಇದೇ. ಅಕ್ಷರದಲ್ಲಿ ವೈಚಿತ್ರ್ಯ ಹೆಚ್ಚಿದಷ್ಟೂ ಅದರ ನಕಲು ಬೇಗ ಸಿಕ್ಕಿಬೀಳುತ್ತದೆ ಎಂಬುದನ್ನೂ ಗಮನಿಸಬೇಕು; ಉದ್ದದ ಬಾಲ, ದೊಡ್ಡ ಸುರುಳಿ, ಶಾಯಿ ಚೆಲ್ಲಿದ ಗುರುತುಗಳಿರುವ ಫಾಂಟ್ ಒಂದು ಪದಕ್ಕೆ ಸೊಗಸು, ಒಂದು ಪುಟಕ್ಕೆ ಕಾಟ.

ಈ ತೊಡಕು ಹಳೆಯದು. ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣಕ್ಕೆ ನಾಂದಿ ಹಾಡಿದ ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲನ್ನು ಅಚ್ಚುಹಾಕುವಾಗ ಲಿಪಿಕಾರರ ಹಸ್ತಪ್ರತಿಯನ್ನೇ ಆದರ್ಶವಾಗಿಟ್ಟುಕೊಂಡು, ಒಂದೇ ಅಕ್ಷರಕ್ಕೆ ಅಗಲ ಬೇರೆಬೇರೆಯಾದ ಮೊಳೆಗಳನ್ನೂ ಕೂಡಕ್ಷರದ ಮೊಳೆಗಳನ್ನೂ ಎರಕ ಹೊಯ್ಸಿದ್ದರಿಂದ ಅವರ ಮೊಳೆಗಳ ಬಗೆ ಸುಮಾರು 290ರಷ್ಟಾಗಿತ್ತು. ಲಿಯಾನ್ ನಗರದ ರೊಬೇರ್ ಗ್ರಾನ್‌ಜೋನ್ 1557ರಲ್ಲಿ ಅಂದಿನ ಫ್ರೆಂಚರ ದಿನಬಳಕೆಯ ಕೈಬರಹವನ್ನೇ ಅಚ್ಚಿಗಿಳಿಸಿದಾಗಲೂ ಬದಲಿ ರೂಪಗಳನ್ನು ಇಟ್ಟುಕೊಂಡಿದ್ದರು.

ಇಂದು ಇದೇ ಉಪಾಯವನ್ನು ಓಪನ್‌ಟೈಪ್ ತಂತ್ರಜ್ಞಾನ ಮಾಡಿಕೊಡುತ್ತದೆ. ಫಾಂಟ್ ಕಡತದೊಳಗೆ ಒಂದು ಅಕ್ಷರಕ್ಕೆ ಎರಡು ಮೂರು ರೂಪಗಳನ್ನಿಟ್ಟು, ಹತ್ತಿರದಲ್ಲೇ ಅದೇ ಅಕ್ಷರ ಮತ್ತೆ ಬಂದರೆ ಎರಡನೆಯ ರೂಪವನ್ನು ಹಾಕು ಎಂಬ ನಿಯಮವನ್ನೂ ಬರೆದಿಡಬಹುದು. ಇದಕ್ಕೆ ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್ ಎಂದು ಹೆಸರು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ, ಪಾಬ್ಲೊ ಇಂಪಲ್ಲಾರಿ ಅವರ ಕ್ಯಾವಿಯಟ್ ಎಂಬ ಇಂಗ್ಲಿಷ್ ಫಾಂಟ್‌ನಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಆದರೆ ಫಾಂಟ್‌ನಲ್ಲಿ ಸೌಲಭ್ಯವಿದ್ದ ಮಾತ್ರಕ್ಕೆ ಅದು ತಾನಾಗಿ ಕೆಲಸ ಮಾಡುತ್ತದೆ ಎನ್ನುವಂತಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಫಾಂಟ್ ಸಂವಾದ ಪೆಟ್ಟಿಗೆಯ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ ಅದಕ್ಕೆ ಗುರುತು ಹಾಕಬೇಕಾಗುತ್ತದೆ. ಬಹಳ ಜನ ಆ ಪುಟವನ್ನು ತೆರೆದೇ ಇರುವುದಿಲ್ಲ.

ಇನ್ನೆರಡು ತಪ್ಪುಗಳು ಕೃತಕತೆಯನ್ನು ಹೆಚ್ಚಿಸುತ್ತವೆ. ಕೈಬರಹದ ಫಾಂಟ್‌ಗಳಲ್ಲಿ ಬಹುಪಾಲಿಗೆ ಒಂದೇ ದಪ್ಪವಿರುತ್ತದೆ. ಅಂಥದ್ದಕ್ಕೆ ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶವು ಅಕ್ಷರದ ಸುತ್ತ ಯಾಂತ್ರಿಕವಾಗಿ ಶಾಯಿ ಬಳಿದು ದಪ್ಪ ಮಾಡುತ್ತದೆ. ಅಕ್ಷರದೊಳಗಿನ ಸಣ್ಣ ಖಾಲಿ ಜಾಗಗಳು ಮುಚ್ಚಿಹೋಗುತ್ತವೆ, ಪೆನ್ನಿನ ಜಾಡು ಅಳಿಸಿಹೋಗುತ್ತದೆ. ಒತ್ತು ಕೊಡಬೇಕಾದ ಪದಕ್ಕೆ, ಕೈಯಲ್ಲಿ ಬರೆಯುವಾಗ ಮಾಡುವಂತೆ, ಅಡಿಗೆರೆ ಎಳೆಯಿರಿ. ಎರಡನೆಯದು, ಎರಡೂ ಅಂಚುಗಳನ್ನು ಸಮ ಮಾಡುವ ಜಸ್ಟಿಫೈ ಜೋಡಣೆ. ಕೈಯಲ್ಲಿ ಬರೆದ ಯಾವ ಪತ್ರದ ಬಲ ಅಂಚೂ ಗೆರೆ ಎಳೆದಂತೆ ಇರುವುದಿಲ್ಲವಾದ್ದರಿಂದ, ಎಡಕ್ಕೆ ಮಾತ್ರ ಸಾಲುಗೂಡಿಸಿ ಬಲವನ್ನು ಹಾಗೆಯೇ ಬಿಡುವುದು ಒಳ್ಳೆಯದು. ನಿಮ್ಮ ಮುಂದಿನ ಪತ್ರಕ್ಕೆ ನನ್ನ ಸಲಹೆ ಇನ್ನೂ ಸರಳವಾದದ್ದು: ಒಡಲನ್ನು ಮುದ್ರಣದ ಫಾಂಟ್‌ನಲ್ಲೇ ಹಾಕಿ, ಕೊನೆಗೆ ಎರಡು ಸಾಲು ಕೈಬರಹದ ಫಾಂಟ್‌ನಲ್ಲಿರಲಿ. ಸದಸ್ಯರ ಸಂಖ್ಯೆ ಕಡಿಮೆಯಿದ್ದರೆ ಆ ಎರಡು ಸಾಲನ್ನು ಪೆನ್ನಿನಲ್ಲೇ ಬರೆದುಬಿಡಿ.

ಪ್ರಶ್ನೆ: ನಾನು ಮಕ್ಕಳ ಅಭ್ಯಾಸದ ಹಾಳೆಗಳನ್ನು ಕಾಮಿಕ್ ಸ್ಯಾನ್ಸ್‌ನಲ್ಲಿ ತಯಾರಿಸುತ್ತೇನೆ. ಮಕ್ಕಳಿಗೆ ಇಷ್ಟ. ಸಹೋದ್ಯೋಗಿಯೊಬ್ಬರು ‘ಅದನ್ನು ಬಳಸುವುದು ಅಭಿರುಚಿಹೀನತೆ’ ಎಂದು ನಕ್ಕರು. ಆ ಫಾಂಟ್ ಮಾಡಿದ ತಪ್ಪಾದರೂ ಏನು?
— ಶಾಲಾ ಶಿಕ್ಷಕಿ

ಉತ್ತರ: ಹಾಳೆ ಮಕ್ಕಳಿಗಾಗಿ ಇರುವುದರಿಂದ, ಮಕ್ಕಳ ಅಭಿಪ್ರಾಯಕ್ಕೆ ಸಹೋದ್ಯೋಗಿಯ ಅಭಿಪ್ರಾಯಕ್ಕಿಂತ ಹೆಚ್ಚು ತೂಕವಿದೆ. ಆದರೂ ಆ ನಗುವಿನ ಹಿಂದೆ ಒಂದು ಚರಿತ್ರೆ ಇದೆ.

ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನೇರ್ 1994ರಲ್ಲಿ ಇದನ್ನು ರೂಪಿಸಿದರು. ಕಂಪ್ಯೂಟರನ್ನು ಮನೆಮಂದಿಗೆ ಸುಲಭ ಮಾಡಲೆಂದು ತಯಾರಾಗುತ್ತಿದ್ದ ಮೈಕ್ರೋಸಾಫ್ಟ್ ಬಾಬ್ ಎಂಬ ತಂತ್ರಾಂಶದಲ್ಲಿ ಒಂದು ಕಾರ್ಟೂನ್ ನಾಯಿ ಮಾತಿನ ಗುಳ್ಳೆಗಳ ಮೂಲಕ ಬಳಕೆದಾರರಿಗೆ ದಾರಿ ತೋರಿಸುತ್ತಿತ್ತು, ಮತ್ತು ಆ ಗುಳ್ಳೆಗಳಲ್ಲಿದ್ದ ಮಾತು ಟೈಮ್ಸ್ ನ್ಯೂ ರೋಮನ್ ಅಕ್ಷರಗಳಲ್ಲಿತ್ತು. ವೃತ್ತಪತ್ರಿಕೆಯ ಗಂಭೀರ ಅಕ್ಷರದಲ್ಲಿ ನಾಯಿ ಮಾತಾಡುವುದು ಕೊನೇರ್ ಅವರಿಗೆ ಅಸಂಬದ್ಧವಾಗಿ ಕಂಡು, ಚಿತ್ರಕಥೆ ಪುಸ್ತಕಗಳಲ್ಲಿ ಕೈಯಿಂದ ಬರೆಯುವ ಅಕ್ಷರಗಳ ಜಾಡಿನಲ್ಲಿ ಹೊಸದೊಂದನ್ನು ಮಾಡಿದರು. ಅದರ ಅಳತೆ ಆಗಲೇ ಸಿದ್ಧವಾಗಿದ್ದ ಗುಳ್ಳೆಗಳಿಗೆ ಹೊಂದದ್ದರಿಂದ ಬಾಬ್‌ನಲ್ಲಿ ಅದು ಸೇರಲಿಲ್ಲ. ಮರುವರ್ಷ ವಿಂಡೋಸ್ 95ರ ಪ್ಲಸ್ ಪ್ಯಾಕ್ ಮೂಲಕ ಹೊರಬಂದು, ಮುಂದೆ ಕೋಟ್ಯಂತರ ಕಂಪ್ಯೂಟರ್‌ಗಳಲ್ಲಿ ಕೇಳದೆಯೇ ಬಂದು ಕೂತಿತು. ಮಾತಿನ ಗುಳ್ಳೆಗೆಂದು ಮಾಡಿದ ಅಕ್ಷರ ಎಚ್ಚರಿಕೆ ಫಲಕ, ಕಚೇರಿ ಸುತ್ತೋಲೆ, ಶೋಕ ಸಂದೇಶಗಳಿಗೂ ಹತ್ತಿಕೊಂಡಾಗ ವಿನ್ಯಾಸಕಾರರು ಸಿಟ್ಟಾದರು. ಅದನ್ನು ನಿಷೇಧಿಸಬೇಕೆಂದು ಅಮೆರಿಕದ ದಂಪತಿಯೊಬ್ಬರು 1999ರಲ್ಲಿ ಅಭಿಯಾನವನ್ನೇ ಶುರುಮಾಡಿದರು. 2012ರ ಜುಲೈ 4ರಂದು ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಕುರಿತ ಫಲಿತಾಂಶವನ್ನು ಫ್ಯಾಬಿಯೋಲಾ ಜನೊಟ್ಟಿ ಮಂಡಿಸಿದ ಸ್ಲೈಡುಗಳು ಇದೇ ಫಾಂಟ್‌ನಲ್ಲಿದ್ದುದರಿಂದ, ಭೌತವಿಜ್ಞಾನದ ಅಷ್ಟು ದೊಡ್ಡ ಸುದ್ದಿಯ ಜೊತೆಜೊತೆಗೇ ಅಕ್ಷರದ ಚರ್ಚೆಯೂ ನಡೆಯಿತು. ಫಲಿತಾಂಶಕ್ಕೇನೂ ಕುಂದಾಗಲಿಲ್ಲ.

ಹಾಗಾಗಿ ತಪ್ಪು ಫಾಂಟ್‌ನದ್ದಕ್ಕಿಂತ ಜಾಗದ್ದು. ಅಭ್ಯಾಸದ ಹಾಳೆಯಲ್ಲಿ ಅದರ ಗುಣಗಳು ಉಪಯೋಗಕ್ಕೇ ಬರುತ್ತವೆ. ಇಂಗ್ಲಿಷ್‌ನ ಸಣ್ಣ ‘ಎ’ ಅಕ್ಷರವನ್ನು ಮುದ್ರಣದ ಬಹುಪಾಲು ಫಾಂಟ್‌ಗಳು ಮೇಲೊಂದು ಕೊಕ್ಕೆ ಇಟ್ಟು ಎರಡು ಅಂತಸ್ತಾಗಿ ತೋರಿಸುತ್ತವೆ. ಮಕ್ಕಳು ಬರೆಯಲು ಕಲಿಯುವುದು ಒಂದು ಸೊನ್ನೆ, ಒಂದು ಗೆರೆಯ ಸರಳ ರೂಪವನ್ನು, ಮತ್ತು ಕಾಮಿಕ್ ಸ್ಯಾನ್ಸ್‌ನಲ್ಲಿ ಇರುವುದೂ ಅದೇ. ದೊಡ್ಡ ‘ಐ’ಗೆ ಮೇಲೆ ಕೆಳಗೆ ಅಡ್ಡಗೆರೆ ಇರುವುದರಿಂದ ಸಣ್ಣ ‘ಎಲ್’ ಜೊತೆ ಗೊಂದಲವಾಗುವುದಿಲ್ಲ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ತನ್ನ ಬರವಣಿಗೆಯ ಕೈಪಿಡಿಯಲ್ಲಿ ಓದಲು ಸುಲಭವಾದ ಫಾಂಟ್‌ಗಳ ಉದಾಹರಣೆಯಾಗಿ ಏರಿಯಲ್ ಜೊತೆಗೆ ಇದನ್ನೂ ಹೆಸರಿಸುತ್ತದೆ. ಓದಲು ತುಸು ಕಷ್ಟವಾದ ಅಕ್ಷರದಲ್ಲಿ ಪಾಠ ಕೊಟ್ಟರೆ ಹೆಚ್ಚು ನೆನಪಿರುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು, ಅದರ ಪ್ರಯೋಗದಲ್ಲಿ ಕಾಮಿಕ್ ಸ್ಯಾನ್ಸ್ ಕೂಡ ಇತ್ತು. ಆದರೆ ಮುಂದೆ ಬೇರೆಯವರು ನಡೆಸಿದ ಹಲವು ಪ್ರಯೋಗಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಆದ್ದರಿಂದ ನೆನಪಿನ ಆಸೆಗೆ ಫಾಂಟ್ ಆರಿಸಬೇಡಿ, ಸ್ಪಷ್ಟತೆಗಾಗಿ ಆರಿಸಿ. ಸಹೋದ್ಯೋಗಿಯ ನಗು ಇನ್ನೂ ಬಾಧಿಸುವುದಾದರೆ, ಕ್ರೇಗ್ ರೊಜಿನ್‌ಸ್ಕಿ 2014ರಲ್ಲಿ ಹೊರತಂದ ಕಾಮಿಕ್ ನೋಯೆ ಎಂಬ ಉಚಿತ ಫಾಂಟ್ ಇದೆ. ಗುಣ ಅದೇ, ಗೆರೆಗಳು ಇನ್ನಷ್ಟು ಹದವಾಗಿವೆ.

ಪ್ರಶ್ನೆ: ರಾಜೀನಾಮೆ ಪತ್ರ, ದೂರು ಅರ್ಜಿ, ಔಷಧ ತೆಗೆದುಕೊಳ್ಳುವ ಸೂಚನೆ, ಇವುಗಳನ್ನು ಕೈಬರಹದ ಫಾಂಟ್‌ನಲ್ಲಿ ಕೊಟ್ಟರೆ ಆಪ್ತವೆನಿಸುತ್ತದೆಯೇ?
— ಕಚೇರಿ ಸಹಾಯಕ

ಉತ್ತರ: ಇಲ್ಲ. ಮೊದಲೆರಡರಲ್ಲಿ ನೀವು ಗಂಭೀರವಾಗಿಲ್ಲವೇನೋ ಎಂಬ ಅನುಮಾನ ಬರುತ್ತದೆ. ಮೂರನೆಯದರಲ್ಲಿ ಒಂದು ಅಂಕಿಯನ್ನು ಇನ್ನೊಂದೆಂದು ಓದಿಕೊಂಡರೆ ಅಪಾಯ.

ಪ್ರಶ್ನೆ: ಇಂಗ್ಲಿಷ್‌ನಲ್ಲಿ ಇಂಥ ಫಾಂಟ್‌ಗಳು ರಾಶಿಗಟ್ಟಲೆ ಇವೆ. ಕನ್ನಡಕ್ಕೆ ಬೆರಳೆಣಿಕೆಯಷ್ಟೇ ಕಾಣುವುದೇಕೆ? ಇರುವುದರಲ್ಲಿ ಆರಿಸುವಾಗ ಏನನ್ನು ಪರೀಕ್ಷಿಸಬೇಕು?
— ಪುಸ್ತಕ ವಿನ್ಯಾಸ ಕಲಿಯುತ್ತಿರುವವರು

ಉತ್ತರ: ಕೆಲಸದ ಪ್ರಮಾಣವೇ ಮುಖ್ಯ ಕಾರಣ. ಇಂಗ್ಲಿಷ್‌ಗೆ ದೊಡ್ಡದು ಸಣ್ಣದು ಸೇರಿ 52 ಅಕ್ಷರ, ಹತ್ತು ಅಂಕಿ, ಒಂದಷ್ಟು ಚಿಹ್ನೆಗಳನ್ನು ಬರೆದರೆ ಬಳಸಬಹುದಾದ ಫಾಂಟ್ ಸಿದ್ಧವಾಗುತ್ತದೆ. ಕನ್ನಡದಲ್ಲಿ 34 ವ್ಯಂಜನಗಳಿಗೂ ಕಾಗುಣಿತವಿದೆ, ಒತ್ತಕ್ಷರವಿದೆ. ಗುಡಿಸು ಕೊಟ್ಟಾಗ ‘ಕ’ ಮತ್ತು ‘ಕಿ’ಗಳ ತಲೆಯ ಆಕಾರವೇ ಬದಲಾಗುತ್ತದೆ, ‘ಮೊ’, ‘ಯೊ’ಗಳು ಉಳಿದವುಗಳ ದಾರಿಯಲ್ಲಿ ನಡೆಯುವುದಿಲ್ಲ, ತ, ನ, ಮ, ಯ, ರ, ಲ ಮುಂತಾದವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಹೀಗೆ ನೂರಾರು ಚಿತ್ರಗಳನ್ನು ಬರೆದು, ಯಾವುದು ಯಾವುದರ ಕೆಳಗೆ ಎಲ್ಲಿ ಕೂರಬೇಕು ಎಂಬ ನಿಯಮಗಳನ್ನೂ ಫಾಂಟ್‌ನೊಳಗೆ ಸೇರಿಸಬೇಕು. ಮೇಲೆ ಹೇಳಿದಂತೆ ಒಂದು ಅಕ್ಷರಕ್ಕೆ ಎರಡೆರಡು ರೂಪ ಕೊಡಬೇಕೆಂದರೆ ಆ ಕೆಲಸ ಇಮ್ಮಡಿ.

ಆದರೂ ನಮ್ಮ ಲಿಪಿಗೆ ಒಂದು ಅನುಕೂಲವಿದೆ. ಕನ್ನಡದ ಅಕ್ಷರಗಳು ಬರೆಯುವಾಗಲೂ ಸಾಮಾನ್ಯವಾಗಿ ಬಿಡಿಬಿಡಿಯಾಗಿಯೇ ನಿಲ್ಲುವುದರಿಂದ, ಮಿಸ್ತ್ರಾಲ್ ಎದುರಿಸಿದ ಬೆಸುಗೆಯ ಕಷ್ಟ ಇಲ್ಲಿಲ್ಲ. ಬರೆಯುವವರ ಸ್ವಭಾವ ಹೆಚ್ಚಾಗಿ ಕಾಣುವುದು ತಲೆಕಟ್ಟಿನಲ್ಲಿ: ಅವಸರದ ಕೈ ಅದನ್ನು ಸರಿ ಗುರುತಿನಂತೆ ಚಕ್ಕನೆ ಎಳೆದು ಮೇಲಕ್ಕೆ ಹಾರಿಸುತ್ತದೆ, ಸಾವಧಾನದ ಕೈ ಅಡ್ಡಗೆರೆ ಎಳೆದು ತುದಿಯನ್ನು ಬಾಗಿಸುತ್ತದೆ. ಒಳ್ಳೆಯ ಕನ್ನಡ ಕೈಬರಹದ ಫಾಂಟ್‌ನಲ್ಲಿ ತಲೆಕಟ್ಟು ಎಲ್ಲ ಅಕ್ಷರಕ್ಕೂ ಒಂದೇ ಅಚ್ಚಿನಿಂದ ತೆಗೆದು ಅಂಟಿಸಿದಂತೆ ಇರಬಾರದು. ದೇವನಾಗರಿಯ ಜೊತೆ ಹೋಲಿಸಿದರೆ, ಇಂಡಿಯನ್ ಟೈಪ್ ಫೌಂಡ್ರಿಯ ಕಲಾಂ ದೇವನಾಗರಿಗೆ ಮಾಡಿದಷ್ಟು ನೇರವಾಗಿ ಬಾಲ್ ಪೆನ್ನಿನ ಬರಹವನ್ನು ಹಿಡಿದಿಟ್ಟ ಕನ್ನಡ ಫಾಂಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ಸಲುಗೆಯ ಧಾಟಿಗೆ ಸದ್ಯ ಮುಕ್ತವಾಗಿ ಸಿಗುವವುಗಳಲ್ಲಿ ಒಂದೇ ದಪ್ಪದ ಗೆರೆಯ ಹುಬ್ಬಳ್ಳಿ, ಶೀರ್ಷಿಕೆಗೆಂದೇ ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯಾ ಕನ್ನಡಕ, ಗುಂಡುಗುಂಡಾಗಿ ದಪ್ಪಗಿರುವ ಬಾಲೂ ತಮ್ಮ ಎಂಬವನ್ನು ನೋಡಬಹುದು. ಕೊನೆಯದು ಕೈಬರಹ ಎನ್ನುವುದಕ್ಕಿಂತ ಆಟದ ಅಕ್ಷರ.

ಪರೀಕ್ಷೆಗೆ ಮಾದರಿ ವಾಕ್ಯ ಸಾಲದು. ಸ್ವಾತಂತ್ರ್ಯ, ರಾಷ್ಟ್ರ, ಲಕ್ಷ್ಮಿ, ಜ್ಞಾನ, ಅರ್ಥ, ಮೊದಲು, ಯೋಗ್ಯತೆ ಎಂಬಂಥ ಪದಗಳನ್ನು ಟೈಪ್ ಮಾಡಿ, ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದಲ್ಲಿ ಕೆಳಸಾಲಿನ ತಲೆಕಟ್ಟಿಗೆ ತಗಲುತ್ತದೆಯೇ ನೋಡಿ. ತಗಲಿದರೆ ಸಾಲುಗಳ ಅಂತರವನ್ನು ಹೆಚ್ಚಿಸಬೇಕು. ಆಮೇಲೆ ದ–ಧ, ಡ–ಢ, ಬ–ಭ ಜೋಡಿಗಳನ್ನು ನೀವು ಬಳಸಲಿರುವ ಗಾತ್ರದಲ್ಲೇ ಮುದ್ರಿಸಿ. ಮಹಾಪ್ರಾಣವನ್ನು ಗುರುತಿಸುವ ಆ ಸಣ್ಣ ಕೆಳಗೆರೆ ಕೈಬರಹದಲ್ಲಿ ಮೊದಲು ಮಾಯವಾಗುವ ಭಾಗ. ‘ದನ’ ಮತ್ತು ‘ಧನ’ಗಳನ್ನು ಬೇರೆಮಾಡಿ ಓದಲಾಗದಿದ್ದರೆ ಆ ಫಾಂಟ್‌ನ ಅಂದದಿಂದ ಪ್ರಯೋಜನವಿಲ್ಲ. ಇನ್ನೊಂದು ಎಚ್ಚರ: ಪುಟವಿನ್ಯಾಸದವರ ಬಳಿ ಇರುವ ಹಳೆಯ ಅಲಂಕಾರಿಕ ಕನ್ನಡ ಫಾಂಟ್‌ಗಳಲ್ಲಿ ಹಲವು ಯೂನಿಕೋಡ್‌ನವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದವು. ಅಂಥ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ, ಹುಡುಕಿದರೆ ಸಿಗುವುದಿಲ್ಲ. ಮುದ್ರಿಸಿ ಮುಗಿಸುವ ಪೋಸ್ಟರ್‌ಗೆ ಅಡ್ಡಿಯಿಲ್ಲ. ಇ-ಪುಸ್ತಕಕ್ಕೆ ಖಂಡಿತ ಬೇಡ.

ಪ್ರಶ್ನೆ: ನನ್ನ ತಂದೆಯವರ ಅಕ್ಷರ ಬಹಳ ಮುದ್ದಾಗಿದೆ. ಅದನ್ನೇ ಫಾಂಟ್ ಮಾಡಿ ಕುಟುಂಬದ ಪತ್ರಗಳಿಗೆ ಬಳಸುವ ಆಸೆ. ತಾಂತ್ರಿಕ ಅನುಭವವಿಲ್ಲದವರಿಗೂ ಇದು ಸಾಧ್ಯವೇ?
— ಗೃಹಿಣಿ

ಉತ್ತರ: ಇಂಗ್ಲಿಷ್ ಅಕ್ಷರಗಳಿಗಾದರೆ ಬಿಡುವಿನ ದಿನವೊಂದರಲ್ಲಿ ಸಾಧ್ಯ. ಕ್ಯಾಲಿಗ್ರಾಫರ್‌ನಂಥ ಜಾಲತಾಣಗಳು ಚೌಕಗಳಿರುವ ಹಾಳೆಯೊಂದನ್ನು ಕೊಡುತ್ತವೆ. ಪ್ರತಿ ಚೌಕದಲ್ಲಿ ಒಂದೊಂದು ಅಕ್ಷರ ಬರೆದು, ಸ್ಕ್ಯಾನ್ ಮಾಡಿ ಕಳುಹಿಸಿದರೆ ಫಾಂಟ್ ಕಡತ ಸಿಗುತ್ತದೆ. ಕನ್ನಡಕ್ಕೆ ಬಂದರೆ ಚೌಕದೊಳಗೆ ಅಕ್ಷರ ಬರೆದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಚಿತ್ರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಗೆರೆರೂಪಕ್ಕೆ ತಂದು, ಫಾಂಟ್‌ಫೋರ್ಜ್‌ನಲ್ಲಿ ಕೂರಿಸಿ, ಒತ್ತು ಮತ್ತು ಕಾಗುಣಿತದ ನಿಯಮಗಳನ್ನು ಬರೆಯಬೇಕಾಗುತ್ತದೆ. ಎರಡೂ ಉಚಿತ ತಂತ್ರಾಂಶಗಳೇ, ಆದರೆ ನಿಯಮಗಳ ಭಾಗಕ್ಕೆ ಬಲ್ಲವರೊಬ್ಬರ ನೆರವು ಪಡೆಯುವುದು ಲೇಸು.

ಯಾರೇ ಮಾಡಲಿ, ಬರೆಸುವ ಕೆಲಸವನ್ನು ಈಗಲೇ ಸರಿಯಾಗಿ ಮಾಡಿಟ್ಟುಕೊಳ್ಳಿ. ಚೌಕದೊಳಗೆ ಒಂಟಿಯಾಗಿ ಬರೆದ ಅಕ್ಷರ ಬಿಗಿದುಕೊಂಡಿರುತ್ತದೆ. ತಂದೆಯವರಿಗೆ ಗೆರೆಯಿಲ್ಲದ ಬಿಳಿ ಹಾಳೆಯನ್ನೂ ಅವರಿಗೆ ರೂಢಿಯಾದ ಅಳತೆಯ ಕಪ್ಪು ಪೆನ್ನನ್ನೂ ಕೊಟ್ಟು, ಎಲ್ಲ ಕಾಗುಣಿತ ಮತ್ತು ಒತ್ತುಗಳು ಬರುವಂಥ ವಾಕ್ಯಗಳನ್ನು ಎಂದಿನ ವೇಗದಲ್ಲೇ ಬರೆಯಲು ಹೇಳಿ. ಒಂದು ಹಾಳೆ ತುಂಬುವ ಹೊತ್ತಿಗೆ ಕೈ ಸಡಿಲವಾಗುತ್ತದೆ. ಆಮೇಲಿನ ಹಾಳೆಗಳಿಂದ, ಅದರಲ್ಲೂ ಪದಗಳ ನಡುವಿನಿಂದ, ಅಕ್ಷರಗಳನ್ನು ಆರಿಸಿಕೊಳ್ಳಿ. ಒಂದು ಅಕ್ಷರ ಹಲವು ಬಾರಿ ಬಂದಿದ್ದರೆ ಅತಿ ಸುಂದರವಾದದ್ದನ್ನು ಬಿಟ್ಟು, ಪದೇಪದೇ ಕಾಣುವ ರೂಪವನ್ನು ತೆಗೆದುಕೊಳ್ಳಿ. ಅವರ ಕೈಯ ಗುರುತು ಇರುವುದು ಅದರಲ್ಲಿ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಮೂಲ ಹಾಳೆಗಳನ್ನು ಜೋಪಾನವಾಗಿಡಿ. ಅಕ್ಷರ ಸರಿ ಬಂದರೂ ಅಕ್ಷರಗಳ ನಡುವಿನ ಜಾಗ ತಪ್ಪಿದರೆ ಅದು ಅವರ ಬರಹದಂತೆ ಕಾಣುವುದಿಲ್ಲವಾದ್ದರಿಂದ, ಅವರು ಬರೆದ ಒಂದು ಸಾಲನ್ನೂ ಅದೇ ಸಾಲನ್ನು ಹೊಸ ಫಾಂಟ್‌ನಲ್ಲಿ ಮುದ್ರಿಸಿದ್ದನ್ನೂ ಒಂದರ ಕೆಳಗೊಂದು ಇಟ್ಟು ಅಂತರವನ್ನು ತಿದ್ದುವುದು ಅಗತ್ಯ.

ಅವರ ಸಹಿಯನ್ನು ಮಾತ್ರ ಫಾಂಟ್‌ನೊಳಗೆ ಸೇರಿಸಬೇಡಿ. ಫಾಂಟ್ ಕಡತ ಒಬ್ಬರಿಂದೊಬ್ಬರಿಗೆ ಹೋಗುವುದು ತಡವಾಗುವುದಿಲ್ಲ. ಅದು ಸಿಕ್ಕವರಿಗೆಲ್ಲ ಒಂದು ಗುಂಡಿ ಒತ್ತಿ ಅವರ ಸಹಿ ಹಾಕುವ ಅವಕಾಶ ಕೊಟ್ಟಂತಾಗುತ್ತದೆ.

ಪ್ರಶ್ನೆ: ‘ಉಚಿತ’ ಎಂದು ಬರೆದಿದ್ದ ಕೈಬರಹದ ಫಾಂಟನ್ನು ಇಳಿಸಿಕೊಂಡಿದ್ದೇನೆ. ಮಾರಾಟಕ್ಕಿಡುವ ಡೈರಿಯ ಹೊದಿಕೆಗೆ ಅದನ್ನು ಬಳಸಬಹುದೇ?
— ಸಣ್ಣ ಉದ್ಯಮಿ

ಉತ್ತರ: ಫಾಂಟ್ ಜೊತೆ ಬಂದ ಪರವಾನಗಿ ಕಡತವನ್ನು ಓದದೆ ಹೇಳಲಾಗದು. ಕೈಬರಹದ ಫಾಂಟ್‌ಗಳಲ್ಲಿ ಬಹಳಷ್ಟು ಸ್ವಂತ ಬಳಕೆಗಷ್ಟೇ ಉಚಿತ. ಮಾರುವ ವಸ್ತುವಿನ ಮೇಲೆ ಹಾಕಬೇಕೆಂದರೆ ಹಣ ಕೊಟ್ಟು ಬೇರೆ ಪರವಾನಗಿ ಪಡೆಯಬೇಕು. ಕಡತದಲ್ಲಿ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂದಿದ್ದರೆ ಚಿಂತೆಯಿಲ್ಲ. ಅದರ ಪ್ರಕಾರ ಡೈರಿ, ಪುಸ್ತಕ, ಬಟ್ಟೆ ಯಾವುದರ ಮೇಲೆ ಬೇಕಾದರೂ ಮುದ್ರಿಸಿ ಮಾರಬಹುದು. ಫಾಂಟ್ ಕಡತವನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ನಾವು ಮೇಲೆ ಹೆಸರಿಸಿದ ಕ್ಯಾವಿಯಟ್, ಕಲಾಂ, ಬಾಲೂ ತಮ್ಮ ಈ ಪರವಾನಗಿಯವು. ಪರವಾನಗಿ ಕಡತವೇ ಇಲ್ಲದ ಫಾಂಟನ್ನು, ಅದು ಎಷ್ಟೇ ಹಿಡಿಸಿದ್ದರೂ, ಹೊದಿಕೆಯಿಂದ ತೆಗೆದುಬಿಡಿ. ಮುದ್ರಣಕ್ಕೆ ಹೋಗುವ ಮುನ್ನವಾದರೆ ಬದಲಾಯಿಸುವುದು ಕೆಲವು ನಿಮಿಷಗಳ ಕೆಲಸ.